ಎಂಟು ರಾತ್ರಿ, ಐದು ಊರು, ಆರ್ನೋ ದಂಡೆಯ ಒಂದು ಛತ್ರಿ

ಮಿಲಾನ್, ವೆನಿಸ್, ಫ್ಲಾರೆನ್ಸ್, ಪೀಸಾ, ರೋಮ್. ಎಂಟು ರಾತ್ರಿ, ಐದು ಊರು, ಏಳು ಜನ. ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯವರೆಲ್ಲ ಸೇರಿ ಇಟಲಿಯನ್ನು ಹೀಗೆ ‘ಮಾಡಿ ಮುಗಿಸಿ’ ಬಂದೆವು. ಕಾಶಿ ಮಾಡಿ ಬಂದೆವು, ರಾಮೇಶ್ವರ ಮಾಡಿ ಬಂದೆವು ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅದೇ ಧಾಟಿ. ಅವರಿಗೆ ಒಂದು ರೈಲು ತಪ್ಪಿದರೆ ಮರುದಿನದ ರೈಲಿತ್ತು. ನಮಗೆ ಪ್ರತಿ ಟಿಕೆಟಿನ ಮೇಲೂ ಒಳಗೆ ಹೋಗುವ ಹೊತ್ತು ಗಂಟೆ ನಿಮಿಷದ ಸಮೇತ ಅಚ್ಚಾಗಿತ್ತು.

ಬಂದಾಗಿನಿಂದ ಪುಣೆಯ ಗೆಳತಿಯರದು ಒಂದೇ ಪ್ರಶ್ನೆ: ವಯಸ್ಸಾದ ಅತ್ತೆಯನ್ನು ಕರೆದುಕೊಂಡು ಅಷ್ಟು ಅವಸರದಲ್ಲಿ ತಿರುಗುವುದಕ್ಕೆ ಆಗುತ್ತದೆಯೇ? ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಈ ತಿಂಗಳ ಅಂಕಣದಲ್ಲೇ ಬರೆದುಬಿಡುತ್ತೇನೆ.

ಮೊದಲು ತಂಡದ ಪರಿಚಯ. ನಮ್ಮತ್ತೆ, ವಯಸ್ಸು 73, ಎರಡೂ ಮೊಣಕಾಲು ನೋವು, ಜೀವನದ ಮೊದಲ ಪಾಸ್‌ಪೋರ್ಟ್. ನಾನು ಮತ್ತು ನಮ್ಮ ಯಜಮಾನರು. ಕಾಲೇಜಿಗೆ ಹೋಗುವ ಮಗಳು, ಒಂಬತ್ತನೇ ಕ್ಲಾಸಿನ ಮಗ. ಬೆಂಗಳೂರಿನಿಂದ ಮೈದುನ ಮತ್ತು ನೆಗೆಣ್ಣಿ. ಯಜಮಾನರು ಸಿವಿಲ್ ಎಂಜಿನಿಯರ್. ಮನೆಗೆ ಪಾಯ ತೆಗೆಯುವ ಹಾಗೆ ಪ್ರವಾಸಕ್ಕೂ ಎಕ್ಸೆಲ್ ಶೀಟು ಹಾಕಿದರು. ಯಾವ ಊರಿನಲ್ಲಿ ಎಷ್ಟು ಗಂಟೆಗೆ ಏನು, ಅಲ್ಲಿಂದ ಎಷ್ಟು ನಿಮಿಷದ ನಡಿಗೆ, ಎಲ್ಲವೂ ಅದರಲ್ಲಿತ್ತು. ಪಟ್ಟಿ ನೋಡಿ ಎಲ್ಲರೂ ತಮ್ಮ ತಮ್ಮ ಬೇಡಿಕೆ ಸೇರಿಸಿದರು. ಅತ್ತೆ ಕೇಳಿದ್ದು ಒಂದೇ ಒಂದು: ಫ್ಲಾರೆನ್ಸಿನಲ್ಲಿ ಕೊಲ್ಹಾಪುರದ ಮಹಾರಾಜರ ಛತ್ರಿ. ಯಜಮಾನರು ಅದನ್ನೂ ಬರೆದುಕೊಂಡರು. ಎಲ್ಲಕ್ಕಿಂತ ಕೆಳಗೆ, ಪಕ್ಕದಲ್ಲಿ ‘ಸಮಯ ಉಳಿದರೆ’ ಎಂಬ ಟಿಪ್ಪಣಿಯೊಂದಿಗೆ.

ಆ ಛತ್ರಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ತಿಂಡಿಯ ಚೀಲ. ನಿಪ್ಪಾಣಿಯ ಮನೆಯವರು ಎಲ್ಲಿಗೆ ಹೊರಟರೂ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ ಇರಲೇಬೇಕು. ಇದಕ್ಕೆ ಅಡ್ಡಿಯಿಲ್ಲ. ಆದರೆ ಹಾಲಿನಿಂದ ಮಾಡಿದ್ದನ್ನು, ಮಾಂಸವನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ಒಯ್ಯುವಂತಿಲ್ಲ. ಹೀಗಾಗಿ ಮೈದುನನಿಗೆಂದು ತರಿಸಿದ್ದ ಬೆಳಗಾವಿಯ ಕುಂದಾ, ತುಪ್ಪದ ಡಬ್ಬಿ ಎರಡೂ ಪುಣೆಯ ಫ್ರಿಜ್ಜಿನಲ್ಲೇ ಉಳಿದವು. ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ಆರೋಗ್ಯ ವಿಮೆ ಕಡ್ಡಾಯ. ಹಿರಿಯರಿಗೆ ಇದರ ಕಂತು ಜಾಸ್ತಿ ಬೀಳುತ್ತದೆ, ಅದನ್ನು ಖರ್ಚಿನಲ್ಲಿ ಮೊದಲೇ ಹಿಡಿಯಿರಿ.

ಮಿಲಾನಿಗೆ ನಾವು ಕೊಟ್ಟಿದ್ದು ಒಂದು ಮಧ್ಯಾಹ್ನ ಮತ್ತು ಒಂದು ರಾತ್ರಿ. ಲಿಯೊನಾರ್ಡೊನ ‘ಕೊನೆಯ ಭೋಜನ’ದ ಟಿಕೆಟುಗಳು ನಾವು ನೋಡುವ ಹೊತ್ತಿಗೆ ಖಾಲಿಯಾಗಿದ್ದವು; ಸಣ್ಣ ಸಣ್ಣ ಗುಂಪುಗಳಲ್ಲಿ ಹದಿನೈದು ನಿಮಿಷ ಮಾತ್ರ ಒಳಗೆ ಬಿಡುವ ಜಾಗ ಅದು. ಆದ್ದರಿಂದ ಡುವೊಮೊ ಒಂದೇ. 1386ರಲ್ಲಿ ಆರಂಭಿಸಿದ ಈ ಚರ್ಚಿನ ಕೊನೆಯ ಬಾಗಿಲು ಕೂರಿಸಿದ್ದು 1965ರಲ್ಲಿ. ಲಿಫ್ಟಿನಲ್ಲಿ ಛಾವಣಿಗೆ ಹೋದರೆ 135 ಶಿಖರಗಳ ನಡುವೆ ಓಡಾಡಬಹುದು. ಎಲ್ಲಕ್ಕಿಂತ ಮೇಲೆ ಚಿನ್ನದ ಬಣ್ಣದ ಮೇರಿ. ಅತ್ತೆ ಒಂದು ಕಲ್ಲಿನ ಅಂಚಿಗೆ ಒರಗಿ ನಿಂತು, ಯಾರ ಕಣ್ಣಿಗೂ ಬೀಳದ ಹಿಂಬದಿಯ ಸಣ್ಣ ಕೆತ್ತನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ‘ಇಷ್ಟ ಮ್ಯಾಲೆ ಯಾರ್ ನೋಡ್ತಾರಂತ ಇಷ್ಟ ಚಂದ ಮಾಡ್ಯಾರವ್ವಾ’ ಅಂದರು. ಹಳೇಬೀಡಿನಲ್ಲೂ ಅವರು ಇದೇ ಮಾತು ಹೇಳಿದ್ದು ನನಗೆ ನೆನಪಿದೆ.

ಮರುದಿನ ರೈಲು. ಮಿಲಾನಿನಿಂದ ವೆನಿಸ್‌ಗೆ ಎರಡೂವರೆ ತಾಸಿನೊಳಗೆ. ನಾವು ವಸತಿ ಹಿಡಿದದ್ದು ನೀರಿನಾಚೆಯ ಮೆಸ್ತ್ರೆಯಲ್ಲಿ, ಅಲ್ಲಿಂದ ದ್ವೀಪದ ನಿಲ್ದಾಣಕ್ಕೆ ಹತ್ತು ನಿಮಿಷದ ಲೋಕಲ್. ಡೊಂಬಿವಲಿಯಿಂದ ದಾದರಿಗೆ ಹೋಗುವವರಿಗೆ ಇದೆಲ್ಲ ಯಾವ ಲೆಕ್ಕ? ಬಾಡಿಗೆ ಉಳಿಯಿತು ಅನ್ನುವುದಕ್ಕಿಂತ ಸೂಟ್‌ಕೇಸುಗಳನ್ನು ಸೇತುವೆಗಳ ಮೆಟ್ಟಿಲ ಮೇಲೆ ಹೊತ್ತು ಹತ್ತಿಳಿಯುವುದು ತಪ್ಪಿತು. ವೆನಿಸ್‌ನಲ್ಲಿ ಗಾಲಿಗಳಿಗೆ ಬೆಲೆಯಿಲ್ಲ. ಇನ್ನೊಂದು ಮಾತು: 2024ರಿಂದ ಆಯ್ದ ದಿನಗಳಲ್ಲಿ ಒಂದೇ ದಿನಕ್ಕೆಂದು ಬರುವವರಿಂದ ಪ್ರವೇಶ ಶುಲ್ಕ ವಸೂಲಿ ಮಾಡುತ್ತಾರೆ. ಮೆಸ್ತ್ರೆಯೂ ವೆನಿಸ್ ಪುರಸಭೆಯೊಳಗೇ ಬರುವುದರಿಂದ ಅಲ್ಲಿ ರಾತ್ರಿ ಉಳಿಯುವವರಿಗೆ ಶುಲ್ಕವಿಲ್ಲ. ಆದರೆ ವಿನಾಯಿತಿಯನ್ನು ಆನ್‌ಲೈನಿನಲ್ಲಿ ದಾಖಲಿಸಿಕೊಳ್ಳಬೇಕು.

ಸಾಂತಾ ಲೂಚೀಯಾ ನಿಲ್ದಾಣದಿಂದ ಹೊರಗೆ ಬಂದರೆ ರಸ್ತೆಯೇ ಇಲ್ಲ. ಆಟೋ ಸ್ಟ್ಯಾಂಡು ಇರಬೇಕಾದ ಜಾಗದಲ್ಲಿ ನೀರು, ಬಸ್ಸು ಇರಬೇಕಾದ ಕಡೆ ದೋಣಿ. ಇದನ್ನು ಚಿತ್ರದಲ್ಲಿ ಎಷ್ಟು ಸಲ ನೋಡಿದ್ದರೂ ಕಾಲು ಒಂದು ಕ್ಷಣ ನಿಲ್ಲುತ್ತದೆ. ಮಕ್ಕಳು ಸೆಲ್ಫಿಗೆ ಓಡಿದರು. ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸುಮಾರು ಮುಕ್ಕಾಲು ತಾಸು ನಾವು ಅಲ್ಲೇ ಇದ್ದೆವು, ಪಟ್ಟಿಯ ಪ್ರಕಾರ ಐದು ನಿಮಿಷ. ಒಂದು ದೋಣಿಯಲ್ಲಿ ಕಸದ ಡಬ್ಬಗಳು ಹೋದವು, ಇನ್ನೊಂದರಲ್ಲಿ ತರಕಾರಿ ಕ್ರೇಟುಗಳು, ಮತ್ತೊಂದರಲ್ಲಿ ಯಾರದೋ ಮನೆಯ ಸೋಫಾ. ಸೈರನ್ ಹಾಕಿಕೊಂಡು ಆಂಬ್ಯುಲೆನ್ಸ್ ದೋಣಿ ಹೋದಾಗ ಅತ್ತೆ ಎದ್ದು ನಿಂತರು. ‘ಇಲ್ಲೂ ಜಡ್ಡು ಜಾಪತ್ರಿ ಐತಿ. ನಾ ಬರೇ ಟೂರಿಸ್ಟರ ಊರಂತ ತಿಳದಿದ್ದೆ’ ಅಂದರು. ಹಳೆಯ ದ್ವೀಪನಗರದಲ್ಲಿ ಈಗ ಉಳಿದಿರುವ ನಿವಾಸಿಗಳು 50,000ಕ್ಕಿಂತ ಕಡಿಮೆ ಎಂದು ಮಗಳು ಓದಿ ಹೇಳಿದಳು. ‘ಹಂಗಾದ್ರ ನಮ್ಮ ನಿಪ್ಪಾಣಿ ದೊಡ್ಡದಾತು’ ಎಂದು ಅತ್ತೆಗೆ ಸಮಾಧಾನ.

ಗೊಂಡೊಲಾದ ಲೆಕ್ಕ ಹೇಳುತ್ತೇನೆ. ಹಗಲಿನ ಅಧಿಕೃತ ದರ ಅರ್ಧ ತಾಸಿಗೆ 90 ಯೂರೋ. ಒಂದರಲ್ಲಿ ಐದೇ ಜನ. ನಾವು ಏಳು ಜನ, ಅಂದರೆ ಎರಡು ಗೊಂಡೊಲಾ, 180 ಯೂರೋ. ರೂಪಾಯಿಗೆ ಗುಣಿಸಿ ನೋಡಿ ಎಲ್ಲರೂ ಸುಮ್ಮನಾದರು. ಆಗ ನೆಗೆಣ್ಣಿ ‘ತ್ರಗೆತ್ತೊ’ ಪತ್ತೆ ಮಾಡಿದಳು. ಗ್ರ್ಯಾಂಡ್ ಕೆನಾಲನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ದೋಣಿ. ಗೊಂಡೊಲಾದಂಥದ್ದೇ, ಅಲಂಕಾರ ಮಾತ್ರ ಇಲ್ಲ, ಇಬ್ಬರು ನಿಂತು ಹುಟ್ಟು ಹಾಕುತ್ತಾರೆ. ತಲೆಗೆ 2 ಯೂರೋ. ರಿಯಾಲ್ತೊ ಮಾರುಕಟ್ಟೆಯ ಎದುರಿನ ಕಟ್ಟೆಯಿಂದ ಮೀನಿನ ಮಾರುಕಟ್ಟೆಯ ಕಡೆಗೆ ಎರಡು ಮೂರು ನಿಮಿಷದ ಪಯಣ. ಎರಡು ಸಲ ದಾಟಿದೆವು.

ಸೇಂಟ್ ಮಾರ್ಕ್ ಚೌಕದಲ್ಲಿ ನೆರಳಿಲ್ಲ, ಕೂರುವುದಕ್ಕೆ ಪುಕ್ಕಟೆ ಜಾಗವೂ ಇಲ್ಲ. ಅಲ್ಲಿನ ಒಂದು ಕಾಫಿ ಮನೆಯಲ್ಲಿ, ಹೆಸರು ಬೇಡ, ಕಾಫಿಯ ಬೆಲೆಯ ಜೊತೆಗೆ ವಾದ್ಯಗೋಷ್ಠಿ ಕೇಳಿದ್ದಕ್ಕೂ ತಲೆಲೆಕ್ಕದಲ್ಲಿ ಹಣ ಹಾಕುತ್ತಾರೆ. ಹತ್ತು ಹೆಜ್ಜೆ ಈಚೆ ನಿಂತರೆ ಅದೇ ಸಂಗೀತ ಬಿಟ್ಟಿ. ಚರ್ಚಿನ ಮೇಲಿನ ನಾಲ್ಕು ಕಂಚಿನ ಕುದುರೆಗಳನ್ನು ತಪ್ಪದೆ ನೋಡಿ. ವೆನಿಸ್‌ನವರು ಕಾನ್‌ಸ್ಟಾಂಟಿನೋಪಲ್ ಕೊಳ್ಳೆಹೊಡೆದಾಗ, 1204ರಲ್ಲಿ, ತಂದವು ಅವು. ನೆಪೋಲಿಯನ್ 1797ರಲ್ಲಿ ಅವನ್ನು ಪ್ಯಾರಿಸ್ಸಿಗೆ ಒಯ್ದ. 1815ರಲ್ಲಿ ವೆನಿಸ್‌ಗೆ ಹಿಂತಿರುಗಿದವು. ಈಗ ಹೊರಗೆ ಕಾಣುವುದು ಪ್ರತಿಕೃತಿ, ಅಸಲಿ ಒಳಗಿನ ಮ್ಯೂಸಿಯಮ್ಮಿನಲ್ಲಿ. ‘ಕಳ್ಳನ ಮನ್ಯಾಗ ಮಳ್ಳ ಹೊಕ್ಕಂಗ’ ಎಂದು ಅತ್ತೆ ಮೂರೇ ಮಾತಿನಲ್ಲಿ ಆರುನೂರು ವರ್ಷ ಮುಗಿಸಿದರು.

ಊಟದ ವಿಷಯ ಎಲ್ಲರೂ ಕೇಳುತ್ತೀರಿ. ಸಸ್ಯಾಹಾರಿಗಳಿಗೆ ಇಟಲಿಯಲ್ಲಿ ಉಪವಾಸವೇನೂ ಬೀಳುವುದಿಲ್ಲ, ಆದರೆ ಎರಡು ಸಂಗತಿ ಗೊತ್ತಿರಲಿ. ಎಲ್ಲದರ ಮೇಲೂ ಉದುರಿಸುವ ಪಾರ್ಮೆಜಾನ್ ಚೀಸ್‌ಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ತರಕಾರಿ ಸೂಪಿನ ನೀರೂ ಕೆಲವೊಮ್ಮೆ ಮಾಂಸದ್ದಾಗಿರುತ್ತದೆ. ‘ಸೆನ್ಜಾ ಫೊರ್ಮಾಜ್ಜೊ’ ಅಂದರೆ ಚೀಸ್ ಬೇಡ ಎಂದರ್ಥ, ಬಾಯಿಪಾಠ ಮಾಡಿಕೊಳ್ಳಿ. ಅತ್ತೆಗೆ ಒಗ್ಗಿದ್ದು ಆಲಿಯೋ ಓಲಿಯೋ ಸ್ಪಾಗೆಟ್ಟಿ: ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ. ಅವರ ಭಾಷೆಯಲ್ಲಿ ‘ಬಳ್ಳೊಳ್ಳಿ ಒಗ್ಗರಣಿ ಶಾವಗಿ’. ಅದರ ಮೇಲೆ ಚೀಲದಿಂದ ತೆಗೆದ ಶೇಂಗಾ ಚಟ್ನಿಪುಡಿ ಬಿದ್ದರೆ ಮುಗಿಯಿತು. ಮೂರನೇ ದಿನದಿಂದ ಮಕ್ಕಳೂ ಅದನ್ನೇ ಕೇಳತೊಡಗಿದರು. ಕಾಫಿಯನ್ನು ನಿಂತು ಕುಡಿಯಿರಿ. ಅದೇ ಕಾಫಿಗೆ ಕೂತರೆ ಬೆಲೆ ಬೇರೆ. ಮತ್ತೆ, ಆ ಒಂದು ಕಾಫಿ ಕೊಂಡರೆ ಅಂಗಡಿಯ ಶೌಚಾಲಯ ಸಿಗುತ್ತದೆ. ರೈಲು ನಿಲ್ದಾಣಗಳಲ್ಲಿ ಅದಕ್ಕೆ ಒಂದು ಯೂರೋ ಕೊಡಬೇಕು. ಎಪ್ಪತ್ತು ದಾಟಿದವರ ಜೊತೆ ಹೋಗುವವರಿಗೆ ಇದು ಯಾವ ಶಿಲ್ಪಕಲೆಗಿಂತಲೂ ಮುಖ್ಯವಾದ ಮಾಹಿತಿ.

ನಾಲ್ಕನೇ ದಿನ ಫ್ಲಾರೆನ್ಸ್. ಅಂದು ಮಧ್ಯಾಹ್ನ ಬ್ರುನೆಲ್ಲೆಸ್ಕಿಯ ಗುಮ್ಮಟವನ್ನು ಕೆಳಗಿನಿಂದಲೇ ನೋಡಿದೆವು. ಮೇಲೆ ಹತ್ತಲು 463 ಮೆಟ್ಟಿಲು, ಲಿಫ್ಟಿಲ್ಲ. 1420ರಿಂದ 1436ರವರೆಗೆ, ನೆಲದಿಂದ ಮರದ ಆಧಾರ ಕೊಡದೆ ಇಟ್ಟಿಗೆಗಳನ್ನು ಒಂದಕ್ಕೊಂದು ಕಚ್ಚಿಸಿ ಎಬ್ಬಿಸಿದ ಗುಮ್ಮಟ ಎಂದು ಯಜಮಾನರು ವಿವರಿಸುತ್ತಲೇ ಇದ್ದರು. ಸಂಜೆ ಪೊಂತೆ ವೆಕ್ಕಿಯೊ ಸೇತುವೆಯ ಮೇಲೆ ಬಂಗಾರದ ಅಂಗಡಿಗಳು. ಮೊದಲು ಅಲ್ಲಿ ಕಟುಕರಿದ್ದರಂತೆ, 1593ರಲ್ಲಿ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಹದಿನೆಂಟು ಕ್ಯಾರೆಟ್ ಎಂದು ತಿಳಿದದ್ದೇ ಅತ್ತೆ, ನೆಗೆಣ್ಣಿ ಇಬ್ಬರೂ ಮುಖ ತಿರುಗಿಸಿ ನಡೆದರು.

ಐದನೇ ದಿನ ಬೆಳಿಗ್ಗೆ ಅಕಾಡೆಮಿಯಾದಲ್ಲಿ ಮೈಕೆಲೆಂಜೆಲೊನ ಡೇವಿಡ್. 5 ಮೀಟರಿಗೂ ಎತ್ತರದ ಆ ಹುಡುಗನ ಮುಂದೆ ಎಲ್ಲರೂ ತೆಪ್ಪಗಾದೆವು. ಹೊರಗೆ ಬಂದಾಗ ಅತ್ತೆಯ ಎಡಮೊಣಕಾಲು ಬಾತಿತ್ತು. ಮುಂದಿನ ಸಾಲು ಪೀಸಾ. ರೈಲಿನಲ್ಲಿ ಸುಮಾರು ಒಂದು ತಾಸು, ಗೋಪುರ ಹತ್ತುವ ಟಿಕೆಟು ಸಮಯ ಸಮೇತ ಕೊಂಡಾಗಿತ್ತು, ಹಣ ವಾಪಸಿಲ್ಲ. ಅತ್ತೆಯನ್ನು ಹೋಟೆಲಿನಲ್ಲಿ ಮಲಗಿಸಿ, ನಾನು ಜೊತೆಗಿದ್ದು, ಉಳಿದವರು ಹೋಗಿ ಬರುವುದು ಎಂದು ಅಣ್ಣತಮ್ಮಂದಿರು ನಿರ್ಧರಿಸಿದರು.

‘ನಾ ಹೋಟೆಲಿನ್ಯಾಗ ಮಲಗಾಕ ಇಷ್ಟ ದೂರ ಬಂದಿಲ್ಲ’ ಅಂದರು ಅತ್ತೆ. ‘ನೀವೆಲ್ಲಾ ಪೀಸಾಕ್ಕ ಹೋಗ್ರಿ. ನನ್ನ ಒಂದ ಟ್ಯಾಕ್ಸಿ ಮಾಡಿ ಆ ಛತ್ರಿಗೆ ಮುಟ್ಟಸ್ರಿ.’

‘ಅವ್ವಾ, ಅಲ್ಲಿ ನೋಡಾಕ ಏನೂ ಇಲ್ಲ. ಒಂದ ಪಾರ್ಕು, ಒಂದ ಮೂರ್ತಿ ಅಷ್ಟ’ ಎಂದ ಮೈದುನ.

‘ಗೊತ್ತೈತಿ. ಮಾಸ್ತರು ಹೇಳ್ಯಾರ.’

ಮಾಸ್ತರು ಅಂದರೆ ನಮ್ಮ ಮಾವ. ಊರೆಲ್ಲ ಹಾಗೆ ಕರೆಯುತ್ತಿದ್ದುದರಿಂದ ಅತ್ತೆಯೂ ಹಾಗೇ ಕರೆಯುವುದು. ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದರು; ಓದಿದ್ದು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ. ಆ ಕಾಲೇಜಿಗೆ ಯಾರ ಹೆಸರಿದೆಯೋ ಆ ರಾಜಾರಾಮ ಮಹಾರಾಜ 1870ರಲ್ಲಿ ಇಂಗ್ಲೆಂಡಿಗೆ ಹೋದ, ವಿಕ್ಟೋರಿಯಾ ರಾಣಿಯನ್ನು ಕಂಡ, ಯುರೋಪಿನ ಮೂಲಕ ಊರಿಗೆ ಮರಳುವಾಗ ಫ್ಲಾರೆನ್ಸಿನಲ್ಲಿ ಕಾಯಿಲೆ ಬಿದ್ದು ನವೆಂಬರ್ 30ರಂದು ತೀರಿಕೊಂಡ. ಇಪ್ಪತ್ತು ತುಂಬಿ ಇಪ್ಪತ್ತೊಂದರಲ್ಲಿದ್ದ. ಆಗ ಇಟಲಿಯ ರಾಜಧಾನಿ ಫ್ಲಾರೆನ್ಸೇ. ಶವ ಸುಡುವ ಪದ್ಧತಿ ಅಲ್ಲಿರಲಿಲ್ಲ. ಸಂಗಮದಲ್ಲಿ ಸುಡಬೇಕು ಎಂದು ಜೊತೆಗಿದ್ದವರು ಪಟ್ಟು ಹಿಡಿದು, ವಿಶೇಷ ಅನುಮತಿ ಪಡೆದು, ಆರ್ನೋ ನದಿಗೆ ಮುನ್ಯೋನೆ ಎಂಬ ಸಣ್ಣ ಹೊಳೆ ಸೇರುವ ಕಡೆ ಚಿತೆ ಒಟ್ಟಿದರು. ಆ ಪ್ರವಾಸದಲ್ಲಿ ಅವನು ಬರೆಯುತ್ತಿದ್ದ ದಿನಚರಿ 1872ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚಿತೆಯ ಜಾಗದಲ್ಲಿ 1874ರಲ್ಲಿ ಛತ್ರಿ ಎದ್ದಿತು. ಪ್ರತಿ ವರ್ಷ ಹತ್ತನೇ ಕ್ಲಾಸಿನ ಮಕ್ಕಳಿಗೆ ಮಾವ ಈ ಕಥೆ ಹೇಳುತ್ತಿದ್ದರಂತೆ. ಪಠ್ಯದಲ್ಲಿ ಇರಲಿಲ್ಲ, ಪರೀಕ್ಷೆಗೆ ಬರುತ್ತಿರಲಿಲ್ಲ. ಅವರು ಮಹಾರಾಷ್ಟ್ರ, ಕರ್ನಾಟಕ ಬಿಟ್ಟು ಹೊರಗೆ ಹೋದವರೇ ಅಲ್ಲ.

ಯಜಮಾನರು ಜೇಬಿನಿಂದ ಪೀಸಾದ ಟಿಕೆಟು ತೆಗೆದು ತಮ್ಮನ ಕೈಗಿಟ್ಟರು. ‘ಮಕ್ಕಳನ್ನ ಕರಕೊಂಡು ನೀವು ಹೋಗ್ರಿ. ನಾವು ಮೂವರು ಅವ್ವನ ಕಡೆ.’

ಇದು ಎಂಥ ಮಾತು ಎಂದು ನಿಮಗೆ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ಈ ಇಡೀ ಪ್ರವಾಸ ಹುಟ್ಟಿದ್ದೇ ಪೀಸಾದಿಂದ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಮಣ್ಣಿನ ಪಾಠ ಓದುವಾಗ ಪುಸ್ತಕದಲ್ಲಿದ್ದ ಆ ಗೋಪುರದ ಚಿತ್ರವನ್ನು ನಮ್ಮ ಯಜಮಾನರು ಮೂವತ್ತು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಕೆಲಸದ ಸೈಟಿನಲ್ಲಿ ಪಾಯ ಕುಸಿದಾಗಲೆಲ್ಲ ಮನೆಗೆ ಬಂದು ಪೀಸಾ ಪುರಾಣ ಹೇಳುತ್ತಿದ್ದರು. ನಾನು ‘ನೀವು ಹೋಗಿ, ಅತ್ತೆ ಜೊತೆ ನಾನಿದ್ದೇನೆ’ ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಫ್ಲಾರೆನ್ಸಿನಲ್ಲಿ ರಸ್ತೆಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸುವ ರೂಢಿಯಿಲ್ಲ, ಸ್ಟ್ಯಾಂಡಿಗೆ ಹೋಗಬೇಕು ಇಲ್ಲವೇ ಫೋನ್ ಮಾಡಬೇಕು. ‘ಇಂಡಿಯಾನೊ’ ಎಂದರೆ ಸಾಕು, ಚಾಲಕರಿಗೆ ಗೊತ್ತು. ಕಶೀನೆ ಎಂಬ ಉದ್ಯಾನ ಆರ್ನೋ ದಂಡೆಯುದ್ದಕ್ಕೂ ಚಾಚಿಕೊಂಡಿದೆ. ಅದರ ಪಶ್ಚಿಮದ ತುತ್ತತುದಿಯಲ್ಲಿ, ಮರಗಳ ನಡುವೆ, ಕಬ್ಬಿಣದ ಬೇಲಿಯೊಳಗೆ ನಾಲ್ಕು ಕಂಬದ ಒಂದು ಮಂಟಪ. ಅದರ ಕೆಳಗೆ ಬಣ್ಣ ಹಚ್ಚಿದ ಎದೆಮಟ್ಟದ ಮೂರ್ತಿ: ರುಮಾಲು, ಕೊರಳಲ್ಲಿ ಆಭರಣ, ಎಳೆಯ ಮುಖ. ಮೂರ್ತಿ ಮಾಡಿದ್ದು ಫುಲ್ಲರ್ ಎಂಬ ಇಂಗ್ಲಿಷ್ ಶಿಲ್ಪಿ. ಮಂಟಪ ರೂಪಿಸಿದ್ದು ಮೇಜರ್ ಮ್ಯಾಂಟ್. ಕೊಲ್ಹಾಪುರದ ನ್ಯೂ ಪ್ಯಾಲೇಸ್ ನೋಡಿದವರು ಆತನ ಕೈಯನ್ನು ಅಲ್ಲೂ ಕಂಡಿದ್ದೀರಿ. ಪಕ್ಕದಲ್ಲೇ ನದಿಗೆ ಅಡ್ಡಲಾಗಿ 1978ರ ದೊಡ್ಡ ಕೇಬಲ್ ಸೇತುವೆ. ಅದಕ್ಕೂ ಹೆಸರು ಇಂಡಿಯಾನೊ. ದಿನವೂ ಅದರ ಮೇಲೆ ಓಡಾಡುವವರಲ್ಲಿ ಆ ಇಂಡಿಯಾನೊ ಯಾರು ಎಂದು ಎಷ್ಟು ಜನಕ್ಕೆ ಗೊತ್ತೋ.

ನೋಡಲು ಏನೂ ಇಲ್ಲ ಎಂದು ಮೈದುನ ಹೇಳಿದ್ದು ಪೂರ್ತಿ ಸುಳ್ಳಲ್ಲ. ಟಿಕೆಟಿಲ್ಲ, ಸಾಲಿಲ್ಲ, ಗೈಡಿಲ್ಲ. ಇಬ್ಬರು ಓಡುತ್ತ ಹೋದರು, ಒಬ್ಬಾಕೆ ನಾಯಿ ಹಿಡಿದು ನಿಂತಿದ್ದಳು. ಅತ್ತೆ ಸೆರಗು ಸರಿಮಾಡಿಕೊಂಡು ಬೇಲಿಯ ಹತ್ತಿರ ಹೋಗಿ, ಸಣ್ಣ ಕರಡಿಗೆಯಿಂದ ವಿಭೂತಿ ತೆಗೆದು ಕಂಬಿಗೆ ಹಚ್ಚಿದರು. ಆಮೇಲೆ ಎರಡು ನೀರು ಸೇರುವ ಕಡೆ ನೋಡುತ್ತ ಬೆಂಚಿನ ಮೇಲೆ ಕೂತರು.

‘ವಾಡಿ ಸಂಗಮದಷ್ಟ ಸೈತ ಇಲ್ಲ’ ಅಂದರು. ಕೃಷ್ಣೆ ಪಂಚಗಂಗೆ ಕೂಡುವ ನರಸೋಬಾವಾಡಿ ಅವರ ಅಳತೆಗೋಲು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: ‘ಇಂವನ ಅವ್ವಗ ಸುದ್ದಿ ಎಷ್ಟ ದಿನಕ್ಕ ಮುಟ್ಟಿರಬೇಕು?’

ಆ ವರ್ಷವೇ ಯುರೋಪಿನಿಂದ ಮುಂಬಯಿಗೆ ಸಮುದ್ರದಡಿಯ ತಂತಿ ಬಂದಿತ್ತು, ಹಿಂದಿನ ವರ್ಷ ಸುಯೆಜ್ ಕಾಲುವೆ ತೆರೆದಿತ್ತು. ಸುದ್ದಿ ಬೇಗನೇ ಮುಟ್ಟಿರುತ್ತದೆ ಎಂದೆ. ‘ಹೂಂ, ಸುದ್ದಿ ಬಂತು. ಮಗ ಬರಲಿಲ್ಲ’ ಎಂದರು. ನಮ್ಮ ಯಜಮಾನರು ದೂರ ನೋಡುತ್ತಿದ್ದರು. ಮಾವ ತೀರಿಕೊಂಡ ದಿನ ಅವರು ಮಸ್ಕತ್ತಿನಲ್ಲಿ ಕೆಲಸದ ಮೇಲಿದ್ದರು; ವಿಮಾನ ಸಿಕ್ಕಿ ನಿಪ್ಪಾಣಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಂದೂ ಎತ್ತಲಿಲ್ಲ.

ಆಗ ಪೀಸಾದಿಂದ ಮಗನ ವಿಡಿಯೋ ಕರೆ ಬಂತು. ಗೋಪುರ ಕೈಯಲ್ಲಿ ಎತ್ತಿ ಹಿಡಿದಂತೆ ಭಂಗಿ, ಹಿಂದೆ ಅದೇ ಭಂಗಿಯಲ್ಲಿ ನೂರು ಜನ. ಕರೆ ಮುಗಿದ ಮೇಲೆ ಅತ್ತೆ ಮಗನ ಕಡೆ ತಿರುಗಿ, ‘ಅದ್ಯಾಕ ಬೀಳೂದಿಲ್ಲ? ಹೇಳು ಈಗ’ ಎಂದರು. ಯಜಮಾನರು ಹೇಳಿದರು. 1173ರಲ್ಲಿ ಮೆತ್ತನೆ ಜೇಡಿಯ ಮೇಲೆ ಆಳವಿಲ್ಲದ ಪಾಯ ಹಾಕಿದ್ದು, ಮೂರನೇ ಅಂತಸ್ತಿನ ಹೊತ್ತಿಗೆ ಬಾಗಿದ್ದು, ಯುದ್ಧಗಳಿಂದಾಗಿ ನೂರು ವರ್ಷದಷ್ಟು ಕೆಲಸ ನಿಂತಿದ್ದು. ಆ ನಿಂತ ಕಾಲದಲ್ಲೇ ಕೆಳಗಿನ ಮಣ್ಣು ಒತ್ತಿಕೊಂಡು ಗಟ್ಟಿಯಾಯಿತು. ಒಂದೇ ಉಸಿರಿನಲ್ಲಿ ಕಟ್ಟಿದ್ದರೆ ಅಂದೇ ಮಲಗುತ್ತಿತ್ತು. 1990ರಲ್ಲಿ ಜನರಿಗೆ ಮುಚ್ಚಿದರು. ಆಮೇಲೆ ಬಾಗಿದ ಕಡೆಯನ್ನು ಎತ್ತಲು ಹೋಗದೆ, ಎದುರು ಬದಿಯ ಅಡಿಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ಗೋಪುರ ತಾನಾಗಿ ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ಬಂತು. 2001ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಬೆಂಚಿನ ಮುಂದಿನ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಅತ್ತೆ ಮಧ್ಯೆ ಮಧ್ಯೆ ಪ್ರಶ್ನೆ ಹಾಕುತ್ತ, ಮಾಸ್ತರ ಹೆಂಡತಿಯ ಹಾಗೆಯೇ ಕೇಳಿದರು. ಸುಮಾರು ಎರಡು ತಾಸು ಅಲ್ಲಿದ್ದೆವು. ಕಡಕ್ ರೊಟ್ಟಿ ತಿಂದೆವು.

ಆರನೇ ದಿನದಿಂದ ರೋಮ್. ಫ್ಲಾರೆನ್ಸಿನಿಂದ ವೇಗದ ರೈಲಿನಲ್ಲಿ ಒಂದೂವರೆ ತಾಸು. ರೋಮಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ಮುಗಿಸುತ್ತೇನೆ. ಕೊಲೊಸಿಯಮ್ಮಿನಲ್ಲಿ ಐವತ್ತು ಸಾವಿರ ಜನ ಕೂರುತ್ತಿದ್ದರು ಎಂದಾಗ ಮಗ ‘ವಾಂಖೇಡೆಗಿಂತ ದೊಡ್ಡದು’ ಎಂದು ಒಪ್ಪಿಕೊಂಡ. ತ್ರೇವಿ ಕಾರಂಜಿಯ ಮುಂದೆ ದಾದರ್ ಸೇತುವೆಯ ಮೇಲಿನ ಸಂಜೆಯ ಜನ. ನಾಣ್ಯ ಹಾಕಬೇಕೆಂದರೆ ಬೆಳಗಿನ ಆರಕ್ಕೆ ಹೋಗಿ. ಆ ನಾಣ್ಯಗಳು ಬಡವರ ನೆರವಿಗೆ ಕಾರಿತಾಸ್ ಸಂಸ್ಥೆಗೆ ಹೋಗುತ್ತವೆ.

ನನ್ನ ಮಟ್ಟಿಗೆ ರೋಮ್ ಅಂದರೆ ಪ್ಯಾಂಥಿಯನ್. ಸುಮಾರು 1,900 ವರ್ಷದ ಕಟ್ಟಡ, ಒಳಗೆ ಒಂದು ಕಂಬಿಯೂ ಇಲ್ಲದ ಕಾಂಕ್ರೀಟಿನ ಗುಮ್ಮಟ, ವ್ಯಾಸ 43.3 ಮೀಟರ್. ನಮ್ಮ ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38. ನೆತ್ತಿಯಲ್ಲಿ ದೊಡ್ಡ ದುಂಡು ಕಿಂಡಿ, ಬಿಸಿಲಿನ ಬಿಲ್ಲೆ ಗೋಡೆಯ ಮೇಲೆ ನಿಧಾನ ಸರಿಯುತ್ತದೆ. ಮಳೆ ಬಂದರೆ ನೀರು ಒಳಗೇ ಬೀಳುತ್ತದೆ, ನೆಲದ ಸಣ್ಣ ತೂತುಗಳಿಂದ ಇಳಿದುಹೋಗುತ್ತದೆ. ಮಾವನ ಶಾಲೆಯ ಟ್ರಿಪ್ಪಿನಲ್ಲಿ ಮೂರು ಸಲ ಗೋಲಗುಮ್ಮಟ ಹತ್ತಿದ್ದ ಅತ್ತೆ ಮೆಲ್ಲಗೆ ಚಪ್ಪಾಳೆ ತಟ್ಟಿ ಕಿವಿಗೊಟ್ಟು ಕೇಳಿದರು. ‘ದೊಡ್ಡದೇನೋ ಐತಿ. ಮಾತು ತಿರುಗಿ ಬರೂದಿಲ್ಲ.’

ವ್ಯಾಟಿಕನ್ ಮ್ಯೂಸಿಯಮ್ಮಿನಲ್ಲಿ ಗುರುತಿನ ಚೀಟಿ ಇಟ್ಟುಕೊಂಡು ಗಾಲಿಕುರ್ಚಿ ಪುಕ್ಕಟೆ ಕೊಡುತ್ತಾರೆ, ಸಂಕೋಚವಿಲ್ಲದೆ ಕೇಳಿ. ಅತ್ತೆ ಮೊದಲು ಒಪ್ಪಲಿಲ್ಲ. ಮುಂದಿನ ನಡಿಗೆ ಎಷ್ಟಿದೆ ಎಂದು ಮಗಳು ನಕ್ಷೆ ತೋರಿಸಿದ ಮೇಲೆ ಕೂತರು. ಸಿಸ್ಟೀನ್ ಚಾಪೆಲ್ಲಿನಲ್ಲಿ ನಾವೆಲ್ಲ ಕುತ್ತಿಗೆ ಹಿಡಿದು ನಿಂತಿದ್ದರೆ ಅವರು ಕುರ್ಚಿಗೆ ಒರಗಿ ಮಾಳಿಗೆಯನ್ನು ಆರಾಮವಾಗಿ ನೋಡಿದರು. ಮೈಕೆಲೆಂಜೆಲೊ 1508ರಿಂದ 1512ರವರೆಗೆ ಅದನ್ನು ಬರೆದದ್ದು ನಿಂತುಕೊಂಡೇ, ಮಲಗಿಕೊಂಡಲ್ಲ. ‘ಪಾಪ, ಅವಗೂ ಮೊಣಕಾಲು ಹಿಡದಿರಬೇಕು’ ಎಂದರು.

ಆಗುತ್ತದೆಯೇ ಎಂದು ಕೇಳಿದ ಗೆಳತಿಯರಿಗೆ: ಆಗುತ್ತದೆ. ದಿನಕ್ಕೆ ಎರಡು ಟಿಕೆಟಿನ ಜಾಗ ಸಾಕು, ಮೂರನೆಯದನ್ನು ಕೊಳ್ಳಬೇಡಿ. ಹೋಟೆಲು ನಿಲ್ದಾಣದ ಹತ್ತಿರ ಇರಲಿ. ತಂಡ ಎರಡಾಗಿ ಒಡೆಯಬೇಕಾಗಿ ಬಂದರೆ ಜಗಳ ಮಾಡದೆ ಒಡೆಯಿರಿ. ಮನೆಯ ಹಿರಿಯರು ಕೇಳಿದ ಜಾಗವನ್ನು ಪಟ್ಟಿಯ ಮೊದಲ ಸಾಲಿಗೆ ಬರೆಯಿರಿ. ಫ್ಲಾರೆನ್ಸಿಗೆ ಹೋಗುವವರು ಛತ್ರಿ ನೋಡುವುದಾದರೆ, ವಾಪಸು ಬರುವ ಟ್ಯಾಕ್ಸಿಯನ್ನು ಇಳಿಯುವಾಗಲೇ ಗೊತ್ತು ಮಾಡಿಕೊಳ್ಳಿ. ಅಲ್ಲಿ ಸ್ಟ್ಯಾಂಡು ಕಾಣಲಿಲ್ಲ.

ರೋಮಿನ ಬೀದಿಬೀದಿಯಲ್ಲಿ ನಿಲ್ಲಿಸದೆ ಹರಿಯುವ ಕುಡಿಯುವ ನೀರಿನ ನಲ್ಲಿಗಳಿವೆ, ‘ನಜೋನೆ’ ಎನ್ನುತ್ತಾರೆ. ನೀರು ತಣ್ಣಗೆ, ರುಚಿ. ಕೊನೆಯ ದಿನ ಹೊರಡುವಾಗ ಅತ್ತೆ ಹೋಟೆಲಿನ ಮೂಲೆಯ ನಲ್ಲಿಯಲ್ಲಿ ತಮ್ಮ ಸ್ಟೀಲ್ ಬಾಟಲಿ ತುಂಬಿಸಿಕೊಂಡರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನೀರು ಬಿಡುವುದಿಲ್ಲ ಎಂದು ಮಗ ಹೇಳಿದ. ಚೆಲ್ಲುವುದಕ್ಕೆ ಅವರು ಒಪ್ಪಲಿಲ್ಲ. ಸಾಲಿನಲ್ಲಿ ನಿಂತಲ್ಲೇ ಏಳು ಜನರಿಗೂ ಗುಟುಕು ಗುಟುಕು ಹಂಚಿ, ಖಾಲಿ ಬಾಟಲಿಯನ್ನು ಟ್ರೇಯಲ್ಲಿಟ್ಟರು.